ಸೇತುವೆ ದಾಟಬೇಡಿ

ಬಸ್ಸು ಸಿಗ್ನಲ್ಲಿನಲ್ಲಿ ನಿಂತೇ ಇತ್ತು. ಮನಸ್ಸಿನಲ್ಲೇ ದೇವರ ನಾಮ ಹೇಳಿಕೊಳ್ಳುತ್ತಿದ್ದ ಅಜ್ಜಿಗೆ ಮುಂದಿನ ಸೀಟಿನ ಅಕ್ಕ ತಮ್ಮಂದಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತಮ್ಮನ ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ ಅದೇ ಅಕ್ಕ, ಸಂಜೆ ಅಣೆಕಟ್ಟಿನ ನೀರು ಬಿಡುವ ಎಚ್ಚರಿಕೆಯನ್ನು ಕಿವಿ ಕೇಳದವರಿಗಾಗಿ ಕೈಸನ್ನೆಯಲ್ಲಿ ಹೇಳುತ್ತಿದ್ದಳು.

“ಹಿಂದಿನ ಹಸಿರು ಪರದೆ ಅಳಿಸೋಕೆ ಹೋಗಿ ನನ್ನ ಬೆರಳೂ ನುಂಗಿಹಾಕಿದೀಯಲ್ಲೋ!”

“ಕೈ ಜೋರಾಗಿ ಬೀಸಿದೀಯಕ್ಕ. ಬೆರಳಿಗೂ ಹಸಿರು ಬೆರೆತುಹೋಗಿದೆ.”

“ಆ ಬೀಸೋದೇ ‘ಬೇಡಿ’ ಅನ್ನೋ ಮಾತು. ಅದು ಹೋದ್ರೆ ‘ಸೇತುವೆ ದಾಟಿ’ ಅಂತ ಹೇಳಿದ ಹಾಗಾಯ್ತು!”

“ಅಮ್ಮನ್ನ ನೀರು ಬಿಡೋ ಮೊದಲೇ ಮಾವ ಕರ್ಕೊಂಡು ಬರ್ತಾನಲ್ಲ.”

“ಅಮ್ಮನ ಹಾಗೆ ಕಿವಿ ಕೇಳದವರಿಗೆಲ್ಲ ಮಾವ ಇದಾನಾ?”

“ನೀರು ನುಗ್ಗೋ ಜಾಗಗಳ ನಕ್ಷೆ ಮೇಲೆ ನಿನ್ನ ಕೂರಿಸ್ಬೇಕು. ಕತ್ತರಿಸದೆ ಹೇಗೆ?”

“ನನ್ನ ಮೇಲೆ ನಕ್ಷೆ ಕೂರಿಸು.”

“ನಕ್ಷೆ ಹಿಂದೆ ಬರೀ ಕಪ್ಪು. ಅದನ್ನ ಮಾಡಿದ ಪುಣ್ಯಾತ್ಮ ಆಲ್ಫಾ ಚಾನೆಲ್ ಇಲ್ಲದೆ ಕಳಿಸಿದಾನೆ.”

“ಹಾಗಂದ್ರೆ?”

“ಯಾವ ಜಾಗ ಕಾಣಬಾರದು ಅಂತ ಚಿತ್ರದ ಜೊತೆಗೇ ಬರುತ್ತೆ. ಅದಿದ್ರೆ ಅಳಿಸೋ ಗೋಜೇ ಇಲ್ಲ.”

“ಮತ್ತೆ ಈಗಲೇ ಕಳಿಸು ಅನ್ನು!”

“ನಿನ್ನ ಹಿಂದೆ ಹಸಿರು ಪರದೆ ಹಾಗೇ ಉಳಿಯುತ್ತಕ್ಕ. ಅಸಹ್ಯವಾಗಿರುತ್ತೆ. ಸಾಹೇಬ್ರು ಉಗೀತಾರೆ.”

“ಉಗೀಲಿ ಬಿಡು. ಬೈಸಿಕೊಳ್ಳೋಕೆ ನಮಗಾದ್ರೂ ಕಿವಿ ಇದೆ.”

ತಮ್ಮ ಫೋನು ಒತ್ತಿದ. ಬಸ್ಸು ಕದಲುವ ಲಕ್ಷಣವೇ ಇರಲಿಲ್ಲ. “ಆಫೀಸಿಗೆ ನಡೆದೇ ಹೋಗೋಣ ಬಾರೋ,” ಎಂದು ಅಕ್ಕ ಲ್ಯಾಪ್‌ಟಾಪನ್ನು ಹಸುಗೂಸಿನಂತೆ ಎದೆಗೆ ಅವಚಿಕೊಂಡು ನಡುರಸ್ತೆಯಲ್ಲೇ ಇಳಿದಳು. “ಎತ್ತೋ, ಫೋನ್ ಎತ್ತೋ,” ಎಂದು ಗೋಗರೆಯುತ್ತ ತಮ್ಮ ಅವಳ ಹಿಂದೆ ವಾಹನಗಳ ನಡುವೆ ಓಡಿದ.