ಮಸ್ಕತ್ತಿನಿಂದ ಮೂರು ಗಂಟೆ

“ನಿನ್ನೆ ಕತ್ತಲಾಗುವಾಗ ಬಾಗಿಲು ಬಡಿದೆ ಚಿಕ್ಕಮ್ಮ. ಯಾರೂ ತೆಗೆಯಲಿಲ್ಲ. ರಾತ್ರಿ ಲಾಡ್ಜಿನಲ್ಲಿ ಕಳೆದೆ.”

ಹಂಪನಕಟ್ಟೆಗೆ ಹೊರಟ ಸಿಟಿಬಸ್ಸಿನಲ್ಲಿ ಮುಂದಿನ ಸೀಟಿನಿಂದ ಬಂದ ಈ ಮಾತಿಗೆ ಸೌಜನ್ಯಳ ಕಿವಿ ನೆಟ್ಟಗಾಯಿತು. ಮಾತಾಡಿದವನ ತೊಡೆಯ ಮೇಲಿದ್ದ ಬ್ಯಾಗಿನಲ್ಲಿ ವಿಮಾನದ ಲಗೇಜು ಚೀಟಿ ಇನ್ನೂ ನೇತಾಡುತ್ತಿತ್ತು.

“ಎಲ್ಲರೂ ಸ್ಮಶಾನದಲ್ಲಿ ಇದ್ದೆವು ಪ್ರೇಮನಾಥ. ನಿನ್ನ ಅಮ್ಮನ ಚಿತೆ ಉರಿಯುತ್ತಾ ಇತ್ತು ಆಗ,” ಎಂದರು ಪಕ್ಕದಲ್ಲಿದ್ದ ಹೆಂಗಸು.

“ಸುದ್ದಿ ಸಿಕ್ಕಿದ ಕೂಡಲೇ ಹೊರಟವ ನಾನು. ಮಸ್ಕತ್ತಿನಿಂದ ಇಲ್ಲಿಗೆ ವಿಮಾನದಲ್ಲಿ ಮೂರೇ ಗಂಟೆ. ಅಷ್ಟು ಕಾಯ್ಲಿಕ್ಕೆ ಆಗಲಿಲ್ವಾ ನಿಮಗೆ?”

“ನೀನು ಬರ್ಲಿಕ್ಕೆ ಎರಡು ದಿನ ಬೇಕು ಅಂತ ಹೇಳಿದ್ದು ಮಗಾ.”

“ಯಾರು? ಮಾವನಾ?”

“ಮಾವನಿಗೆ ಎಂತ ಗೊತ್ತುಂಟು? ಅವರಿಗೆ ಎಲ್ಲ ದೂರವೂ ಬೋಟಿನ ಲೆಕ್ಕ. ಕಡಲು ದಾಟ್ಲಿಕ್ಕೆ ಎರಡೇ ದಿನವಾ ಅಂತ ಅವರಿಗೇ ಆಶ್ಚರ್ಯ.”

“ಹಿರಿಮಗ ನಾನು. ಕೊಳ್ಳಿ ಇಡುವುದು ಬಿಡಿ, ಮುಖ ನೋಡ್ಲಿಕ್ಕೂ ಸಿಗಲಿಲ್ಲ. ಹೆಸರು ಹೇಳಿ ಚಿಕ್ಕಮ್ಮ.”

“ಆ ವಿಮಾನದಲ್ಲಿ ಹೋಗಿ ಬಂದವನೇ ಹೇಳಿದ ಮೇಲೆ ನಾವು ಅಲ್ಲ ಅನ್ನುವುದು ಹೇಗೆ ಮಾರಾಯ?”

ಚೀಟಿಯನ್ನು ತಿರುಚುತ್ತಿದ್ದ ಪ್ರೇಮನಾಥನ ಬೆರಳು ನಿಂತುಬಿಟ್ಟಿತು.

“ನಮ್ಮ ಮನೆಯಲ್ಲಿ ಮಸ್ಕತ್ತಿಗೆ ಹೋಗಿ ಬಂದವರು ಇಬ್ಬರೇ ಚಿಕ್ಕಮ್ಮ. ಒಬ್ಬ ನಾನು. ಇನ್ನೊಬ್ಬನಿಗೆ ಟಿಕೆಟ್ ತೆಗೆದುಕೊಟ್ಟು ಕರೆಸಿಕೊಂಡವನೂ ನಾನೇ.”

ಹಂಪನಕಟ್ಟೆ ಬಂತು. ಇಬ್ಬರೂ ಎದ್ದು ಬಾಗಿಲಿನತ್ತ ನಡೆದರು. ಕಂಡಕ್ಟರ್ ಸೀಟಿ ಊದುವ ಮುಂಚೆ, ಮೆಟ್ಟಿಲಿನಿಂದ ಸೌಜನ್ಯಳಿಗೆ ಕೇಳಿಸಿದ್ದು ಒಂದೇ ಮಾತು:

“ಹೇಳಿದ್ದೂ ಅವನೇ, ಕೊಳ್ಳಿ ಇಟ್ಟದ್ದೂ ಅವನೇ. ನಿನ್ನ ತಮ್ಮ, ಭುವನ್.”