ರೇಡಿಯೋ ಇಲ್ಲಂತ ಹೇಳಾಕ ಬಂದೋರು

ಅದಲ್ಲ, ನೀವು ಈಗ ನೋಡ್ತೀರಲ್ಲ ಗಾಜಿನ ಬಾಗಲದ ರೇಡಿಯೋ ಸ್ಟೇಷನ್ನು, ಅದು ಆಮ್ಯಾಲಿಂದು. ಮೊದಲ ಇದ್ದದ್ದು ಇಲ್ಲೇ ಗೋವಾದ ಡಿಚೋಲಿ ಬಜಾರದಾಗ, ಹಿಟ್ಟಿನ ಗಿರಣಿ ಮ್ಯಾಲೊಂದು ಖೋಲಿ. ಕೆಳಗ ಗಿರಣಿ ಶುರು ಆತಂದ್ರ ಮ್ಯಾಲ ಮೈಕು ಗಡಗಡ ನಡಗೂದು. ದನಿ ಗೋಡಿಗೆ ಬಡದು ತಿರಗಿ ಬರಬಾರದಂತ ಗೋಡಿಗೆ ಏನು ಹೊಡದಿದ್ರು ಗೊತ್ತೇನು, ನನ್ನ ಎರಡು ಕೌದಿ. ಚಳ್ಯಾಗ ನಾ ಏನು ಹೊತ್ಕೊಳ್ಳಲಿ ಅಂತ ನಿಮ್ಮಜ್ಜ ಕೇಳಿದ, ರೇಡಿಯೋ ಹೊತ್ಕೊಂಡು ಮಲಕೋ ಅಂದ್ನಿ. ದಿನಪೂರ್ತಿ ಕೊಂಕಣಿ, ಮಧ್ಯಾಹ್ನ ಊಟದ ಹೊತ್ತಿನಾಗ ಅರ್ಧ ತಾಸು ನನ್ನ ಕನ್ನಡ. ನಾ ಏನು ಕಲ್ತಾಕಿ? ನಾಕನೇತ್ತ, ಅಲ್ಲಲ್ಲ, ಸುಳ್ಳ್ಯಾಕ ಹೇಳ್ಲಿ, ಮೂರನೇತ್ತ. ಬಜಾರದಾಗ ರೊಟ್ಟಿ ಮಾರ್ಕೋಂತ ಒದರ್ತಿದ್ನಿ, ಆ ಗಂಟಲು ಕೇಳಿ ಸ್ಟೇಷನ್ನಿನ ಫರ್ನಾಂಡಿಸ್ ಸಾಹೇಬ ಕರದು ಕುಂಡ್ರಿಸಿದ. ಎಲ್ಲಿ ಗೋಡಿ ಕಟ್ಟೋ ಗವಂಡಿ ಬೇಕಾಗ್ಯಾರ, ವಿಜಯಪುರದ ಬಸ್ಸು ಎಷ್ಟು ತಡ, ಯಾರ ಹೆಂಡತಿ ಹಡದ್ಲು, ಎಲ್ಲಾ ಹೇಳ್ತಿದ್ನಿ. ಕುಡದು ಬರೋ ಗಂಡಸರಿಗೆ ಬೈಯೂದು ಮಾತ್ರ ಯಾರೂ ಹೇಳಿಕೊಟ್ಟಿದ್ದಿಲ್ಲ, ಅದು ನಂದ ಸ್ವಂತದ್ದು.

ಅಷ್ಟರಾಗ ನಿಮ್ಮಜ್ಜ ಟ್ರಕ್ಕು ಹೊಡೀತಿದ್ದ ಗಣಿ ಬಂದ್ ಆತು. ಟ್ರಕ್ಕೆಲ್ಲಾ ರಸ್ತಾ ಬಾಜೂ ನಿಂತು ತುಕ್ಕು ಹಿಡದ್ವು, ಅವುಗಳ ಜೋಡಿ ನಿಮ್ಮಜ್ಜನೂ ನಿಂತ. ಮನ್ಯಾಗ ಒಲಿ ಹತ್ತೂದು ನನ್ನ ಆ ಅರ್ಧ ತಾಸಿನ ಪಗಾರದಾಗ. ಆವಾಗ ಸ್ಟೇಷನ್ನಿಗೆ ರೊಕ್ಕ ಕೊಡೋ ಮಂದಿ ಕೇಳಿದ್ರಂತ, ಈ ಕನ್ನಡ ಯಾರರೆ ಕೇಳ್ತಾರೇನು, ವಿಚಾರಿಸಿ ಬರ್ರಿ ಅಂತ. ಸಾಹೇಬ ಇಬ್ಬರು ಹುಡುಗ್ಯಾರ ಕೈಯಾಗ ಕಾಗದ ಕೊಟ್ಟು, ನಾವು ಕನ್ನಡದ ಮಂದಿ ಇದ್ದ ಸಾಲುಮನಿ ಚಾಳಿಗೆ ಕಳಸಿದ. ಅಲ್ಲೇ ಎಡವಟ್ಟಾತು ನೋಡ್ರಿ. ನಮ್ಮ ಮಂದಿ ಪಾಲಿಗೆ ಕಾಗದ ಹಿಡಕೊಂಡು ಬಂದೋರು ಅಂದ್ರ ಎರಡ ನಮೂನಿ, ಒಂದು ಕರ ಕೇಳೋರು, ಇಲ್ಲಾ ಮನಿ ಖಾಲಿ ಮಾಡಸೋರು. ಇಡೀ ಚಾಳು ಒಂದ ಮಾತು, ಇಲ್ಲ್ರಿ, ರೇಡಿಯೋ ಅಂದ್ರ ಏನಂತನ ಗೊತ್ತಿಲ್ಲ್ರಿ. ನಮ್ಮ ಬಾಜೂಮನಿ ಶಾಂತವ್ವ ತನ್ನ ರೇಡಿಯೋ ಅಕ್ಕಿ ಡಬ್ಯಾಗ ಹುಗದಿದ್ಲು, ಆದ್ರ ಬಂದ್ ಮಾಡಾಕ ಮರತಿದ್ಲು, ಅದು ಒಳಗಿಂದ ನನ್ನ ದನೀಲೆ ಮಾತಾಡಾಕತ್ತಿತ್ತು. ಅದ್ಯಾರು ಅಂತ ಹುಡುಗ್ಯಾರು ಕೇಳಿದ್ರ, ನಮ್ಮತ್ತಿ, ಒಳಗ ಮಲಗ್ಯಾಳ, ತಲಿ ಸರಿ ಇಲ್ಲ ಅಂದ್ಲಂತ. ಅವು ಪಾಪ, ಹಂಗ ಬರಕೊಂಡು ಹೋದ್ವು.

ಮರುದಿನ ಸಾಹೇಬ ಆ ಕಾಗದ ನನ್ನ ಮುಂದಿಟ್ಟ. ಕಾಶೀಬಾಯಿ, ನಿನ್ನ ಒಬ್ಬರೂ ಕೇಳೂದಿಲ್ಲ, ಈ ಶನಿವಾರಕ್ಕ ಕಡೀ ಅಂದ. ನನಗ ಅಳು ಬಂತು, ಖರೇನ ಅಳು. ಇಷ್ಟು ದಿನ ಗೋಡಿ ಜೋಡಿ ಮಾತಾಡಿದ್ನೇನು ಅನಸ್ತು. ಆಮ್ಯಾಲ ಸಿಟ್ಟು ಬಂತು. ಸಿಟ್ಟು ನನಗ ಭಾಳ ಚಲೋ ಬರ್ತೈತಿ. ಮೈಕಿನ ಮುಂದ ಕುಂತು ಅಂದ್ನಿ, "ರೇಡಿಯೋ ಇಲ್ಲಂತ ಬರಸಿದೋರ ಕೇಳ್ರಿ, ನಿಮ್ಮ ಮಾತಿಗೆ ನನ್ನ ಕೆಲಸ ಹೊಂಟೈತಿ. ಧೈರ್ಯ ಇದ್ರ ನಾಳೆ ಹತ್ತಕ್ಕ ಬಂದು ಸಾಹೇಬನ ಮಾರಿ ಮುಂದ ನಿಂತು ಅದ್ನ ಹೇಳ್ರಿ ನೋಡೂಣು." ಬೈಯಾಕಂತ ಬೈದದ್ದು ಅದು, ಮತ್ತೇನಿಲ್ಲ.

ಮರುದಿನ ಹೋಗಿ ನೋಡ್ತೇನಿ, ಗಿರಣಿ ಮೆಟ್ಟಲದಿಂದ ಬಜಾರದ ತನಕಾ ಸಾಲು. ಹೇಳಾಕ ಹೋಗಲಿಲ್ಲಂದ್ರ ದಂಡ ಹಾಕ್ತಾರಂತ ಯಾರೋ ಹಬ್ಬಿಸಿದ್ರಂತ, ಚಾಳಿಗೆ ಚಾಳ ಬಂದಿತ್ತು. ಶಾಂತವ್ವ ಮದವಿ ಸೀರಿ ಉಟ್ಕೊಂಡು ಎಲ್ಲಾರಕಿಂತ ಮುಂದ. ಸಾಹೇಬ ಮೋರ್ಚಾ ಬಂತಂತ ತಿಳದು ಮಾರಿ ಬೆಳ್ಳಗ ಮಾಡ್ಕೊಂಡು ನಿಂತಿದ್ದ. ಅವನ ಕೊಂಕಣಿ ಇವರಿಗೆ, ಇವರ ಕನ್ನಡ ಅವಂಗ, ನಾನ ನಡುವ ನಿಂತು ತಿರುಗಿಸಿ ಹೇಳಿದ್ನಿ.

"ನಮ್ಮ ಮನ್ಯಾಗ ರೇಡಿಯೋ ಇಲ್ಲ್ರಿ ಸಾಹೇಬ್ರ," ಅಂತ ಶಾಂತವ್ವ ಕೈ ಮುಗದ್ಲು. "ಅದ್ನ ಹೇಳಾಕ ಬಂದೇವ್ರಿ." ನಮ್ಮಲ್ಲೂ ಇಲ್ಲ್ರಿ, ನಮ್ಮಲ್ಲೂ ಇಲ್ಲ್ರಿ ಅಂತ ಹಿಂದಿನ ಸಾಲು.

ಸಾಹೇಬ ಕೇಳಿದ, "ಇವತ್ತ ಇಲ್ಲಿ ಬರಬೇಕಂತ ನಿಮಗ ಯಾರು ಹೇಳಿದ್ರು?"

"ರೇಡಿಯೋದಾಗ ಹೇಳಿದ್ರಲ್ರಿ."

ಸಾಹೇಬ ಹಿಟ್ಟು ಹತ್ತಿದ ಮೆಟ್ಟಲದ ಮ್ಯಾಲ ಕುಂತು ನಕ್ಕ, ಕಣ್ಣಾಗ ನೀರು ಬರೂಮಟ. ಹೊಸಾ ಕಾಗದ ತಗೊಂಡು ರೇಡಿಯೋ ಇಲ್ಲ ಅಂದೋರದ್ದಷ್ಟೂ ಹೆಸರು ಕೇಳೋರ ಪಟ್ಟ್ಯಾಗ ಬರಕೊಂಡ. ನನ್ನ ಅರ್ಧ ತಾಸು ಉಳೀತು. ಅದಕ್ಕ ಹೇಳ್ತೇನಿ, ಯಾರದರೆ ಕೆಲಸ ಮನಸಿಗೆ ಬಂದ್ರ ಬಾಯಿಬಿಟ್ಟು ಹೇಳ್ರಿ, ನುಂಗಿ ಕುಂಡ್ರಬ್ಯಾಡ್ರಿ. ನಿಮ್ಮಜ್ಜ ನನ್ನ ಸಾರು ಚಲೋ ಐತಂತ ಇನ್ನಾ ಹೇಳಿಲ್ಲ. ಏಳ್ರಿ, ಕೈ ತೊಳಕೊಂಡು ಊಟಕ್ಕ ಬರ್ರಿ.