ಆಟವನ್ನು ಆಡುವವರ ಕೈಗೆ ಕೊಟ್ಟ ಅಕ್ಕ

ಅಕ್ಕನ ಮನೆಯವರಿಗೆ, ಸ್ಟುಡಿಯೋದ ಗೆಳೆಯರಿಗೆ, ಹಿಂದೆ ಗೋಡೆಗೊರಗಿ ನಿಂತಿರುವ ಆಟಗಾರರಿಗೆ — ಅಕ್ಕನನ್ನು ನೆನೆಯಲು ಬಂದ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮ ಮಾಲೀಕರಿಗೂ ನಮಸ್ಕಾರ.

ನಾಲ್ಕು ಒಳ್ಳೆಯ ಮಾತಾಡಿ ಇಳಿದುಬಿಡು ಎಂದು ಬಾಗಿಲಲ್ಲೇ ಒಬ್ಬರು ಕಿವಿಯಲ್ಲಿ ಹೇಳಿದರು. ಆಡುತ್ತೇನೆ. ಆದರೆ ನಿಜವಾದ ಮಾತು ಮೊದಲು.

ಭಾವ, ನಿಮ್ಮ ನೆಂಟರಲ್ಲಿ ಕೆಲವರಿಗೆ ಸ್ಟುಡಿಯೋದಲ್ಲಿ ನಾವೆಲ್ಲ ಅಕ್ಕ ಎನ್ನುತ್ತಿದ್ದ ನಿಮ್ಮ ಹೆಂಡತಿಯ ಕೆಲಸ ಏನೆಂದು ಗೊತ್ತಿರಲಿಕ್ಕಿಲ್ಲ. ನಾವು ಕಂಪ್ಯೂಟರಿನಲ್ಲಿ ಆಡುವ ಆಟ ಮಾಡುವವರು. ನಮ್ಮ ಮೊದಲ ಆಟದಲ್ಲಿ ಒಂದು ನದಿ, ದಡದಲ್ಲಿ ಊರುಗಳು, ಸರಕು ಸಾಗಿಸುವ ದೋಣಿಗಳು. ಆ ಊರುಗಳನ್ನು ಕಟ್ಟಲು ನಮಗೆ ಬೇಕಾದ ಟೂಲ್‌ಗಳನ್ನು, ಅಂದರೆ ಕಂಪ್ಯೂಟರಿನೊಳಗಿನ ಸಲಕರಣೆಗಳನ್ನು, ಮಾಡಿಕೊಟ್ಟವರು ಅಕ್ಕ. ಅವನ್ನು ಆಡುವವರಿಗೂ ಕೊಡೋಣ ಎಂದು ಹಟ ಹಿಡಿದವರೂ ಅವರೇ.

"ಅವ್ರು ಹಾಳು ಮಾಡ್ತಾರಮ್ಮ," ಎಂದರು ಮಾಲೀಕರು.

"ಮಾಡ್ಲಿ ಬಿಡಿ ಸಾರ್. ನಾನೂ ಹಾಗೇ ಕಲ್ತಿದ್ದು."

ಹಾಳಾಗಲಿಲ್ಲ! ಬಸ್ ಚಾಲಕರೊಬ್ಬರು ತಮ್ಮೂರಿನ ನದಿಯನ್ನೇ ತಂದು ಕೂರಿಸಿದರು. ಒಬ್ಬ ಅಜ್ಜಿ ದೋಣಿಗಳಿಗೆಲ್ಲ ಬಣ್ಣ ಬಳಿದರು. ಒಂದು ಕೈ ಕಳೆದುಕೊಂಡ ಎಲೆಕ್ಟ್ರಿಷಿಯನ್ ಒಬ್ಬರು — ಅಣ್ಣ, ಬಂದಿದ್ದೀರಿ, ಕಾಣುತ್ತಿದ್ದೀರಿ — ಇಡೀ ಆಟವನ್ನು ಒಂದೇ ಕೈಯಲ್ಲಿ, ಹೀಗೆ, ಆಡುವಂತೆ ಮಾಡಿದರು. ಆಡುವವರೇ ಆಟವನ್ನು ಹೀಗೆ ಬದಲಿಸಿದ್ದಕ್ಕೆ ಆಟಗಾರರು 'ಮಾಡ್' ಎನ್ನುತ್ತಾರೆ. "ಸರಿಯಾಗೇ ಇದೆ ಕಣೋ, ಮಾಡೋರದ್ದು ಮಾಡ್," ಎಂದು ಅಕ್ಕ ನಗುತ್ತಿದ್ದರು. ಅಣ್ಣನ ಮಾಡ್ ಬಂದ ದಿನ ಅಕ್ಕ ತಮ್ಮ ಬಲಗೈಯನ್ನು ಬೆನ್ನ ಹಿಂದಿಟ್ಟುಕೊಂಡು ಮೇಜಿಂದ ಮೇಜಿಗೆ ಬಂದು, "ಬನ್ರೋ, ನನ್ ಜೊತೆ ಆಡಿ," ಎಂದು ಸವಾಲು ಹಾಕಿದರು. ಎಲ್ಲರನ್ನೂ ಸೋಲಿಸಿದರು ಕೂಡ.

ಎರಡನೆಯ ಆಟದ ಕೆಲಸ ಶುರುವಾಯಿತು. ಮಾಲೀಕರಿಗೆ ಭಯ. "ಹಳೇ ಆಟನೇ ದಿನಾ ಹೊಸದಾಗ್ತಿದ್ರೆ ನಮ್ ಹೊಸದನ್ನ ಯಾರ್ ಕೊಳ್ತಾರೆ?" ನ್ಯಾಯವಾದ ಭಯವೇ. ಅಕ್ಕ ಹೇಳಿದ್ದಿಷ್ಟು: "ಅವ್ರಿಗಿಂತ ಚೆನ್ನಾಗಿ ಮಾಡೋಣ ಸಾರ್. ಆಗಲ್ಲ ಅಂದ್ರೆ ಎರಡನೇದು ಯಾತಕ್ಕೆ?"

ಇಡೀ ಕೋಣೆ ನಕ್ಕಿತು. ಮಾಲೀಕರು ನಗಲಿಲ್ಲ.

ಆಮೇಲೆ ಏನಾಯಿತು? ಎರಡನೆಯ ಆಟಕ್ಕೆ ಟೂಲ್ ಕೊಡಲಿಲ್ಲ — ಹೋಗಲಿ, ಅದು ಅವರ ಹಕ್ಕು. ಹಳೆಯ ಆಟಕ್ಕೊಂದು ಅಪ್‌ಡೇಟ್ ಕಳಿಸಿ, ಅದರ ಟೂಲ್‌ಗಳನ್ನೂ ಮುಚ್ಚಿ, ಜನ ಕಟ್ಟಿದ್ದೊಂದೂ ತೆರೆಯದಂತೆ ಮಾಡಿದರು. ಅಣ್ಣನ ಒಂಟಿ ಕೈಯ ಉಪಾಯವನ್ನು ಎತ್ತಿ ಎರಡನೆಯದರಲ್ಲಿ ಹಾಕಿ "ನಮ್ಮ ಹೊಸ ಕೊಡುಗೆ" ಎಂದರು. ನಾಚಿಕೆಯಾಗಬೇಕು! ಇನ್ನು, ಟೂಲ್ ಮುಚ್ಚಿದ ಪ್ರಕಟಣೆಯ ಕೆಳಗೆ ಯಾರ ಹೆಸರು? ಅಕ್ಕನದು! ಕೇಳದೆ, ಹೇಳದೆ — ಅಕ್ಕನದು!

ಜನ ಬಾಯಿಗೆ ಬಂದಂತೆ ಬೈದರು. ಒಳಗಿನ ವಿಷಯ ಹೊರಗೆ ಹೇಳಬಾರದೆಂಬ ಕರಾರು ಅಕ್ಕನ ಬಾಯಿ ಕಟ್ಟಿತ್ತು. ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆದವರು ಹಾಗೇ ಮುಚ್ಚಿಬಿಟ್ಟರು. "ಬೈಗುಳ ನುಂಗ್ಕೋತೀನಿ ಕಣೋ. ಆ ಅಣ್ಣ 'ನೀವೂನಾ ಅಕ್ಕ?' ಅಂತ ಕೇಳಿದ್ರು. ಅದನ್ನ ಎಲ್ಲಿಟ್ಕೊಳ್ಲಿ?"

ಎರಡನೆಯ ಆಟ ಮಕಾಡೆ ಮಲಗಿತು. ಮಲಗದೆ? ಹಳೆಯದನ್ನು ಕಸಿದುಕೊಂಡವರ ಹೊಸದನ್ನು ಯಾರು ಮುಟ್ಟುತ್ತಾರೆ? ಕೊಂಡವರೂ ಬೇಗ ಆಡಿ ಮುಗಿಸಿ ಎದ್ದುಹೋದರು, ಕಟ್ಟಲು ಅಲ್ಲಿ ಏನೂ ಇರಲಿಲ್ಲ. ಆ ಸೋಲನ್ನೂ ಅಕ್ಕನ ತಲೆಗೇ ಕಟ್ಟಿದರು: "ಜನಾನ ತಲೆ ಮೇಲೆ ಕೂರಿಸ್ಕೊಂಡಿದ್ದು ನೀವೇ ಅಲ್ವಾ?"

ಇವರು ಅಕ್ಕನನ್ನು ಕೊಂದರು ಎಂದು ನಾನು ಹೇಳುವುದಿಲ್ಲ. ಮೆದುಳಿನಲ್ಲಿ ರಕ್ತನಾಳ ಒಡೆಯಿತು ಎಂದರು ಡಾಕ್ಟರು. ಆದರೆ ಕೊನೆಯ ದಿನಗಳಲ್ಲಿ ಅವರ ಮರ್ಯಾದೆ ಕಿತ್ತುಕೊಂಡವರು ಯಾರೆಂದು ಹೇಳಬಲ್ಲೆ. ಇವತ್ತು ಅದೇ ಜನ ಸ್ಟುಡಿಯೋದ ವೆಬ್ ಪುಟದಲ್ಲಿ ಅಕ್ಕನ ಫೋಟೊ ಹಾಕಿ "ಅಭಿಮಾನಿಗಳ ಅಕ್ಕ" ಎಂದು ಬರೆದಿದ್ದಾರೆ. ಅದೇ ಪುಟದಲ್ಲಿ, ಫೋಟೊದ ಕೆಳಗೆ, ಆ ಸುಳ್ಳು ಪ್ರಕಟಣೆ ಇನ್ನೂ ಇದೆ!

ಸಾರ್, ಕೈಸನ್ನೆ ಬೇಡ. ಬೆಳಿಗ್ಗೆಯೇ ರಾಜೀನಾಮೆ ಕೊಟ್ಟು ಬಂದಿದ್ದೇನೆ. ಭಾವ ನನ್ನ ಕೈ ಹಿಡಿದು, "ಅವಳು ಮಾಡಿದ್ದಲ್ಲ ಅಂತ ಒಬ್ಬರಾದ್ರೂ ಹೇಳಿ. ನನ್ ಮಗಳು ಕೇಳಿಸ್ಕೋಬೇಕು," ಎಂದಿದ್ದಾರೆ. ಕೇಳಿಸಿಕೋ ಪುಟ್ಟಿ — ನಿನ್ನಮ್ಮ ಅದನ್ನು ಮುಚ್ಚಲಿಲ್ಲ. ಅಣ್ಣ, ನೀವೂ ಕೇಳಿಸಿಕೊಳ್ಳಿ. ಅಕ್ಕ ಮುಚ್ಚಲಿಲ್ಲ.

ಇನ್ನು ಒಂದು ನಿಮಿಷ ಅಕ್ಕನಿಗಾಗಿ ಮೌನವಾಗಿರೋಣ. ಆಮೇಲೆ, ಮಾಲೀಕರೇ, ಮೈಕ್ ಇಲ್ಲೇ ಇರುತ್ತದೆ. ನಾವ್ಯಾರೂ ಹೊರಡುವುದಿಲ್ಲ. ಬಂದು ನಿಮ್ಮ ಬಾಯಿಂದಲೇ ನಿಜ ಹೇಳಿ.

ಈಗ — ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ.